ಚಿಕ್ಕ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಬಯೋಕೆಮಿಸ್ಟ್ರಿ ಸೀಟು ಸಿಕ್ಕಿದೆ. ಸೇರಲಾ, ಒಂದು ವರ್ಷ ಬಿಟ್ಟು ದೊಡ್ಡ ಕಡೆಗೆ ಪ್ರಯತ್ನಿಸಲಾ?

‘ಅಲ್ಲಿ ಮಷೀನುಗಳಿಲ್ಲ, ಹೆಸರೂ ಇಲ್ಲ, ಹೊರಗೆ ಬಂದರೆ ಯಾರೂ ಕೇಳಲ್ಲ ಅಂತ ಸೀನಿಯರ್‌ಗಳು ಹೆದರಿಸ್ತಿದ್ದಾರೆ’ ಅಂತ ಬರೆದಿದ್ದೀರಲ್ಲ, 2017ರಲ್ಲಿ ನನಗೂ ಇದೇ ಮಾತು ಹೇಳಿದ್ದರು. ನಾನೂ ನಿಮ್ಮ ಹಾಗೆ ಬಿ.ಎಸ್ಸಿ.ಯಲ್ಲಿ ಸಿಬಿಜೆಡ್ (ಕೆಮಿಸ್ಟ್ರಿ, ಬಾಟನಿ, ಜುವಾಲಜಿ) ಮುಗಿಸಿದ್ದೆ. ಮಲೆನಾಡಿನ ಅಂಚಿನ ಒಂದು ಸಣ್ಣ ವಿಶ್ವವಿದ್ಯಾಲಯ, ಊರಿಂದ ಒಂದೂವರೆ ಗಂಟೆ ಬಸ್ಸು. ಬೇರೆ ದಾರಿ ಇಲ್ಲದೆ ಸೇರಿದೆ, ಮನಸ್ಸು ಮಾತ್ರ ಎರಡು ವರ್ಷವೂ ಬೆಂಗಳೂರಲ್ಲೇ ಇತ್ತು.

ವಿಭಾಗದಲ್ಲಿ ನಾವು ಇಪ್ಪತ್ತೆರಡು ಜನ. ಕಾಯಂ ಅಧ್ಯಾಪಕರು ಮೂವರು, ಉಳಿದವರೆಲ್ಲ ಅತಿಥಿ ಉಪನ್ಯಾಸಕರು. ಚೂರು ಡಿಎನ್‌ಎಯಿಂದ ಕೋಟಿಗಟ್ಟಲೆ ಪ್ರತಿ ಮಾಡುವ ಪಿಸಿಆರ್ ಮಷೀನು ಇದ್ದದ್ದು ಒಂದೇ, ಅದರ ಕೋಣೆಗೆ ಸದಾ ಬೀಗ. ಹಬೆಯಿಂದ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಆಟೋಕ್ಲೇವ್ ಕೆಟ್ಟರೆ ರಿಪೇರಿಗೆ ತಿಂಗಳುಗಟ್ಟಲೆ. ಮೈಕ್ರೋಬಯಾಲಜಿ ತೆಗೆದುಕೊಳ್ಳುತ್ತಿದ್ದ ಮೇಡಂ ಅಷ್ಟು ದಿನ ಕಾಯದೆ ಮನೆಯಿಂದ ದೊಡ್ಡ ಕುಕ್ಕರ್ ತಂದಿಟ್ಟಿದ್ದರು. ಹದಿನೈದು ಪೌಂಡ್ ಒತ್ತಡ, 121 ಡಿಗ್ರಿ, ಇಪ್ಪತ್ತು ನಿಮಿಷ. ಅದರಲ್ಲಿ ಬೇಯಿಸಿದ ಅಗಾರ್ ಸುರಿದು ಮಾಡಿದ, ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟುಗಳು ಒಂದೂ ಕೆಡುತ್ತಿರಲಿಲ್ಲ.

ಮೂರನೇ ಸೆಮಿಸ್ಟರ್ ಮುಗಿಯುವಾಗ ಆ ಮೇಡಂ ನನ್ನನ್ನು ಕರೆದು, ‘ನಿಮ್ಮ ತೋಟದ ಮಣ್ಣು ತಗೊಂಡು ಬಾ. ಅಡಿಕೆಗೆ ಕೊಳೆರೋಗ ತರೋ ಫೈಟಾಫ್ತೊರಾ ಅನ್ನೋ ಸೂಕ್ಷ್ಮಜೀವಿಯನ್ನು ತಡೆಯೋ ಬ್ಯಾಕ್ಟೀರಿಯಾ ಅದರಲ್ಲಿ ಇದೆಯಾ ನೋಡೋಣ, ನಿನ್ನ ಪ್ರಾಜೆಕ್ಟ್ ಅದೇ ಆಗಲಿ’ ಅಂದರು. ಪ್ರತಿ ಮಳೆಗಾಲ ಅಪ್ಪ ಮೈಲುತುತ್ತ, ಸುಣ್ಣ ಕಲಸಿ ಅಡಿಕೆಗೊನೆಗೆ ಬೋರ್ಡೋ ಹೊಡೆಸೋದನ್ನು ನೋಡಿ ಬೆಳೆದವರು ನಾವು. ಅದೂ ಒಂದು ವಿಜ್ಞಾನವಾ ಅನ್ನಿಸಿತು. ಒಪ್ಪಲಿಲ್ಲ.

ನಾನು ಮಾಡಿದ ತಪ್ಪು ಇದೇ. ಬೆಂಗಳೂರಿನ ಒಂದು ಪ್ರಾಜೆಕ್ಟ್ ಸೆಂಟರಿಗೆ ಹದಿನೆಂಟು ಸಾವಿರ ಕಟ್ಟಿದೆ. ಅಪ್ಪ ಅದನ್ನು ಅಡಿಕೆ ಮಂಡಿಯಿಂದ ಮುಂಗಡ ತಂದು ಕೊಟ್ಟಿದ್ದರು. ನಲವತ್ತೈದು ದಿನದ ಪ್ರಾಜೆಕ್ಟ್ ಅಂತ ಹೇಳಿದ್ದರೂ ಲ್ಯಾಬಿನಲ್ಲಿ ನಿಂತದ್ದು ಒಂಬತ್ತು ದಿನ. ಒಂದು ಮೇಜಿನ ಸುತ್ತ ಆರು ಜನ ನಾವು. ಪೈಪೆಟ್ ಹಿಡಿದಿದ್ದವರು ಅಲ್ಲಿನ ಟೆಕ್ನಿಷಿಯನ್, ನಮ್ಮ ಕೈಯಲ್ಲಿದ್ದದ್ದು ಮೊಬೈಲ್. ಕೊನೆಗೆ ಪೆನ್‌ಡ್ರೈವ್‌ನಲ್ಲಿ ಜೆಲ್ ಫೋಟೋ (ಡಿಎನ್‌ಎ ತುಂಡುಗಳು ಗೆರೆಗಳಾಗಿ ಕಾಣುವ ಚಿತ್ರ) ಕೊಟ್ಟರು, ಕಪ್ಪು ರೆಕ್ಸಿನ್ ಮೇಲೆ ಚಿನ್ನದ ಅಕ್ಷರದ ಬೈಂಡಿಂಗ್ ಆಯ್ತು. 16ಎಸ್ ಆರ್‌ಆರ್‌ಎನ್‌ಎ ಜೀನ್‌ನಿಂದ ಬ್ಯಾಕ್ಟೀರಿಯಾ ಗುರುತಿಸುವಿಕೆ ಅನ್ನೋದು ವಿಷಯ. ಒಳ್ಳೆ ಅಂಕವೂ ಬಂತು.

2019ರಲ್ಲಿ ಒಂದು ಸಂಶೋಧನಾ ಸಂಸ್ಥೆಯಲ್ಲಿ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋ) ಹುದ್ದೆಗೆ ಸಂದರ್ಶನ. ಹಿರಿಯರೊಬ್ಬರು ನನ್ನ ಪುಸ್ತಕ ತೆರೆದು ಆ ಜೆಲ್ ಫೋಟೋದ ಮೇಲೆ ಬೆರಳಿಟ್ಟು, ‘ಇದರಲ್ಲಿ ನೀರು ಹಾಕಿದ ಲೇನ್ ಯಾವುದು?’ ಅಂತ ಕೇಳಿದರು.

ಈ ಪ್ರಶ್ನೆಯ ತೂಕ ನಿಮಗೆ ಗೊತ್ತಾಗಬೇಕು, ಅದಕ್ಕೇ ಬಿಡಿಸಿ ಹೇಳ್ತೀನಿ. ಜೆಲ್‌ನಲ್ಲಿ ಒಂದೊಂದು ಟ್ಯೂಬಿನ ದ್ರವ ಓಡುವ ಸಾಲು ಲೇನ್, ಅದರಲ್ಲಿ ಡಿಎನ್‌ಎ ಹೊಳೆಯುವ ಗೆರೆ ಬ್ಯಾಂಡ್. 16ಎಸ್ ಜೀನ್ ಎಲ್ಲ ಬ್ಯಾಕ್ಟೀರಿಯಾದಲ್ಲೂ ಇರುತ್ತೆ. 27ಎಫ್, 1492ಆರ್ ಅನ್ನೋ ಪ್ರೈಮರ್‌ಗಳು, ಅಂದರೆ ಪ್ರತಿ ಎಲ್ಲಿಂದ ಶುರುವಾಗಬೇಕು ಅಂತ ತೋರಿಸೋ ಪುಟ್ಟ ಡಿಎನ್‌ಎ ತುಂಡುಗಳು, ಹೆಚ್ಚುಕಡಿಮೆ ಎಲ್ಲಕ್ಕೂ ಹೊಂದುತ್ತವೆ. ಯಾವ ಬ್ಯಾಕ್ಟೀರಿಯಾ ಆದರೂ ಬ್ಯಾಂಡ್ ಬೀಳೋದು 1,500 ಬೇಸ್‌ಪೇರ್ ಉದ್ದದ ಹತ್ತಿರವೇ. ಅಂದರೆ ನಿಮ್ಮ ಬೆರಳಿಂದಲೋ, ನೀರಿಂದಲೋ, ಪೈಪೆಟ್ ಟಿಪ್‌ನಿಂದಲೋ ಚೂರು ಬ್ಯಾಕ್ಟೀರಿಯಾ ಡಿಎನ್‌ಎ ಸೇರಿದರೂ ಅದೇ ಜಾಗದಲ್ಲಿ ಅದೇ ಬ್ಯಾಂಡ್ ಹೊಳೆಯುತ್ತೆ. ಅಷ್ಟೇ ಯಾಕೆ, ಪಿಸಿಆರ್‌ನಲ್ಲಿ ಪ್ರತಿ ಮಾಡುವ ಟ್ಯಾಕ್ ಎಂಜೈಮನ್ನೇ ಸಾಮಾನ್ಯವಾಗಿ ಇ. ಕೋಲೈ ಬ್ಯಾಕ್ಟೀರಿಯಾದೊಳಗೆ ತಯಾರಿಸೋದು, ಅದರ ಡಿಎನ್‌ಎ ಚೂರುಗಳು ಎಂಜೈಮಿನ ಜೊತೆಗೇ ಬರಬಹುದು. ಅದಕ್ಕೇ ಒಂದು ಟ್ಯೂಬಿಗೆ ಡಿಎನ್‌ಎ ಬದಲು ಬರೀ ನೀರು ಹಾಕಬೇಕು. ಆ ಲೇನ್ ಖಾಲಿ ಇದ್ದರೆ ಮಾತ್ರ ಪಕ್ಕದ ಲೇನ್‌ಗಳನ್ನು ನಂಬಬಹುದು. ನನ್ನ ಫೋಟೋದಲ್ಲಿ ಉದ್ದ ಅಳೆಯೋಕೆ ಒಂದು ಲ್ಯಾಡರ್, ನಾಲ್ಕು ಸ್ಯಾಂಪಲ್. ನೀರಿನ ಲೇನ್ ಇರಲೇ ಇಲ್ಲ. ಆ ನಾಲ್ಕು ಬ್ಯಾಂಡ್‌ಗಳನ್ನು ಇಟ್ಟುಕೊಂಡು ನಾನು ಏನನ್ನೂ ಸಾಧಿಸಿ ತೋರಿಸೋ ಹಾಗಿರಲಿಲ್ಲ.

‘ಇದನ್ನು ನೀವೇ ಹಾಕಿದ್ದಾ?’ ಅಂತ ಕೇಳಿದರು. ಇಲ್ಲ ಸರ್ ಅಂದೆ. ಅವರು ಬೈಯಲಿಲ್ಲ. ಪುಸ್ತಕ ಮುಚ್ಚಿ ಎರಡೂ ಕೈಯಲ್ಲಿ ವಾಪಸ್ ಕೊಟ್ಟು, ‘ಒಂದು ಪಿಸಿಆರ್ ನಿಮ್ಮ ಕೈಯಲ್ಲೇ ಮಾಡಿ, ಆಮೇಲೆ ಬನ್ನಿ’ ಅಂದರು. ಮಂಡಿ ಸಾಲದ ನೆನಪಾಗಿ ಆವತ್ತು ಬಸ್ಸಲ್ಲಿ ಅತ್ತುಬಿಟ್ಟೆ.

ಮುಂದಿನ ವಾರ ಅದೇ ಮೇಡಂ ಮುಂದೆ ಹೋಗಿ ನಿಂತೆ. ಅವರು ಕೇಳಿದ್ದು ‘ಮಣ್ಣು ತಂದಿದ್ದೀಯಾ?’ ಅಂತ, ಅಷ್ಟೇ. ಸಂಬಳ ಇಲ್ಲದೆ ನಾಲ್ಕು ತಿಂಗಳು ಕೆಲಸ ಮಾಡಿದೆ. ನನ್ನ ಮೊದಲ ಜೆಲ್‌ನಲ್ಲಿ ನೀರಿನ ಲೇನಲ್ಲೂ ಬ್ಯಾಂಡ್ ಬಂತು. ಟಿಪ್ ಬದಲಿಸಿದೆ, ಹೋಗಲಿಲ್ಲ. ಪ್ರೈಮರ್ ಹೊಸದಾಗಿ ಕಲಸಿದೆ, ಆಗಲೂ ಹೋಗಲಿಲ್ಲ. ಮೂರು ವಾರ ಹೀಗೇ ಒಂದೊಂದೇ ಬದಲಿಸುತ್ತಾ ಹೋಗಿ ಕೊನೆಗೆ ಗೊತ್ತಾಗಿದ್ದು, ಎಲ್ಲರೂ ಟಿಪ್ ಅದ್ದುತ್ತಿದ್ದ ನೀರಿನ ಬಾಟಲಿಯಲ್ಲೇ ತೊಂದರೆ ಇತ್ತು ಅಂತ. ಹೊಸ ನೀರು ಹಾಕಿದ ದಿನ ಆ ಲೇನ್ ಕಪ್ಪಗೆ, ಖಾಲಿಯಾಗಿ ಬಂತು. ಪಕ್ಕದಲ್ಲಿ ನಮ್ಮ ತೋಟದ ಬ್ಯಾಕ್ಟೀರಿಯಾ. ಮುಂದಿನ ಸಂದರ್ಶನದಲ್ಲಿ ನಾನು ಮಾತಾಡಿದ್ದು ಪೂರ್ತಿ ಆ ಮೂರು ವಾರದ ಬಗ್ಗೆಯೇ. ಹುದ್ದೆ ಸಿಕ್ಕಿತು, ಈಗ ಪಿಎಚ್.ಡಿ. ಕೊನೆಯ ಹಂತದಲ್ಲಿದ್ದೇನೆ.

ಹಾಗಾಗಿ ‘ಚಿಕ್ಕದಾ, ದೊಡ್ಡದಾ’ ಅನ್ನೋ ನಿಮ್ಮ ಪ್ರಶ್ನೆಯೇ ಸರಿ ಇಲ್ಲ ಅಂತ ನನಗನ್ನಿಸುತ್ತೆ. ಆ ನಾಲ್ಕು ತಿಂಗಳಲ್ಲಿ ಪಿಸಿಆರ್ ಮಷೀನ್ ಬೇಕು ಅಂತ ಬರುತ್ತಿದ್ದದ್ದು ನಾನು ಮತ್ತು ಇನ್ನೊಬ್ಬರು. ದೊಡ್ಡ ಕಡೆ ಅಷ್ಟು ಸುಲಭವಾಗಿ ಮಷೀನು ಕೈಗೆ ಸಿಗಲ್ಲ. ಹೆಸರಿಗೋಸ್ಕರ ವರ್ಷ ಬಿಡಬೇಡಿ. ಲಕ್ಷಗಟ್ಟಲೆ ಸಾಲ ಮಾಡಿ ಗಾಜಿನ ಕಟ್ಟಡದ ಖಾಸಗಿ ವಿವಿಗೆ ಸೇರೋದಂತೂ ಬೇಡವೇ ಬೇಡ. ಸೇರುವ ಮುಂಚೆ ಒಂದು ದಿನ ವಿಭಾಗಕ್ಕೆ ಹೋಗಿ ನೋಡಿ. ತಾವೇ ಕೋಟು ಹಾಕಿ ಲ್ಯಾಬಿನಲ್ಲಿ ನಿಲ್ಲುವ ಒಬ್ಬರಾದರೂ ಅಧ್ಯಾಪಕರು ಇದ್ದರೆ ಸೇರಿ. ಒಬ್ಬರೂ ಇಲ್ಲದಿದ್ದರೆ ನಾನೂ ಬೇಡ ಅಂತಲೇ ಹೇಳ್ತೀನಿ.

ಹೊರಗಿನ ಅನುಭವ ಬೇಕಾದರೆ ದುಡ್ಡು ಕೊಟ್ಟು ಕೊಳ್ಳಬೇಡಿ. ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಫೆಲೋಶಿಪ್‌ಗೆ ಮೊದಲ ವರ್ಷದಲ್ಲೇ ಅರ್ಜಿ ಹಾಕಿ. ಕೊನೆಯ ದಿನ ಸಾಮಾನ್ಯವಾಗಿ ನವೆಂಬರ್‌ನಲ್ಲಿರುತ್ತೆ, ನಾನು ಅದನ್ನೂ ತಪ್ಪಿಸಿಕೊಂಡಿದ್ದೆ. ಗೇಟ್ ಪರೀಕ್ಷೆಯ ಲೈಫ್ ಸೈನ್ಸಸ್ ಪತ್ರಿಕೆಯಲ್ಲಿ ಕೆಮಿಸ್ಟ್ರಿ ಕಡ್ಡಾಯ, ಸಿಬಿಜೆಡ್ ಓದಿದವರಿಗೆ ಅದು ಅನುಕೂಲವೇ. ಸಿಎಸ್‌ಐಆರ್ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಫೆಲೋಶಿಪ್ ಬಂದರೆ 2023ರಿಂದ ತಿಂಗಳಿಗೆ 37,000 ರೂಪಾಯಿ. ಈ ಎರಡು ಪರೀಕ್ಷೆಗಳ ಅಂಕದಲ್ಲಿ ನೀವು ಓದಿದ ವಿವಿ ಹೆಸರಿಗೆ ಜಾಗವಿಲ್ಲ.

ಸೇರಿದಿರಿ ಅಂದರೆ, ಮೊದಲ ವಾರವೇ ಆ ಪಿಸಿಆರ್ ಕೋಣೆಯ ಬೀಗದ ಕೈ ಯಾರ ಹತ್ತಿರ ಇರುತ್ತೆ ಅಂತ ಕೇಳಿಟ್ಟುಕೊಳ್ಳಿ.