ಕೊಟ್ಟ ಕಾರಣವೇ ನಿಜವಾದ ಕಾರಣವೇ?

ನಾಲ್ಕು ಅರ್ಜಿ ಓದಿ ಒಂದನ್ನು ಆರಿಸಿದ್ದೀರಿ, ಕೊಟ್ಟ ಕಾರಣವೇ ನಿಜವಾದದ್ದು ಅಂತ ಹೇಗೆ ತಿಳಿಯುವುದು ಎಂದು ಕೇಳಿದ್ದೀರಿ. ಮನಸ್ಸನ್ನೇ ಕೇಳಿ ತಿಳಿಯಲು ಆಗುವುದಿಲ್ಲ, ತೊಡಕೇ ಅದು.

ಮನೋವಿಜ್ಞಾನಿಗಳಾದ ನಿಸ್ಬೆಟ್ ಮತ್ತು ವಿಲ್ಸನ್ 1977ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸಾಲಾಗಿ ಇಟ್ಟಿದ್ದ ನಾಲ್ಕು ಜೊತೆ ನೈಲಾನ್ ಕಾಲುಚೀಲಗಳು ಒಂದೇ ಥರದವು. ಆದರೂ ಎಡತುದಿಯದನ್ನು ಮೆಚ್ಚಿದವರು ಶೇ. 12, ಬಲತುದಿಯದನ್ನು ಶೇ. 40. ಕಾರಣ ಕೇಳಿದಾಗ ಯಾರೂ ತಾವಾಗಿ ಜಾಗದ ಮಾತೆತ್ತಲಿಲ್ಲ. ನೇರವಾಗಿ ಕೇಳಿದರೂ ಬಹುತೇಕ ಎಲ್ಲರೂ ಅಲ್ಲಗಳೆದರು. ಅದು ಸುಳ್ಳಲ್ಲ, ಒಪ್ಪುವಂಥ ಕಾರಣವನ್ನು ಮನಸ್ಸು ಆಮೇಲೆ ಹೊಂದಿಸಿಕೊಟ್ಟಿತ್ತು, ಅಷ್ಟೆ.

ಹಾಗಾಗಿ ಹೊರಗಿನಿಂದ ಪರೀಕ್ಷಿಸಿ. ಅರ್ಜಿಗಳನ್ನು ಮತ್ತೆ ತೆರೆಯುವ ಮೊದಲೇ ಮೂರ್ನಾಲ್ಕು ಮಾನದಂಡ, ಪ್ರತಿಯೊಂದಕ್ಕೂ ಎಷ್ಟು ಅಂಕ ಅಂತ ಬರೆದಿಡಿ. ಹೆಸರು, ಫೋಟೊ ಮುಚ್ಚಿ. ಮೊದಲ ಮಾನದಂಡಕ್ಕೆ ನಾಲ್ಕೂ ಅರ್ಜಿಗಳಿಗೆ ಅಂಕ ಕೊಟ್ಟು, ಆಮೇಲೆ ಎರಡನೆಯದಕ್ಕೆ ಹೋಗಿ. ಒಂದೊಂದೇ ಅರ್ಜಿಯನ್ನು ಪೂರ್ತಿ ಮುಗಿಸುತ್ತ ಹೋದರೆ ಅಚ್ಚುಕಟ್ಟಾದ ಮೊದಲ ಪುಟದ ಮೆಚ್ಚುಗೆ ಉಳಿದ ಅಂಕಗಳಿಗೂ ಹರಿಯುತ್ತದೆ. ಮರುದಿನ ಅರ್ಜಿಗಳ ಕ್ರಮ ತಿರುಗಿಸಿ, ಹಳೆಯ ಅಂಕ ನೋಡದೆ ಮತ್ತೆ ಮಾಡಿ. ಮೊದಲ ಸ್ಥಾನ ಬದಲಾದರೆ ಒಂದೋ ಕ್ರಮ ಕೆಲಸ ಮಾಡಿದೆ, ಇಲ್ಲವೇ ಇಬ್ಬರ ನಡುವೆ ಅಂತರವೇ ಅಷ್ಟಿಲ್ಲ. ಆಗಲೂ ಮಾನದಂಡವನ್ನು ಮಾತ್ರ ತಿದ್ದಬೇಡಿ. ತಿದ್ದಿದರೆ ಈಗಾಗಲೇ ಇಷ್ಟವಾದವರ ಕಡೆಗೇ ಅದು ವಾಲುತ್ತದೆ.