ಒಬ್ಬಳಿಗೆ ಊರೆಲ್ಲ ಸಂತಾಪ, ಇನ್ನೊಬ್ಬಳ ಸುದ್ದಿಯೇ ಇಲ್ಲ

ಪ್ರಶ್ನೆ: ಕೆಲವು ಹೆಣ್ಣುಮಕ್ಕಳ ಕೊಲೆಯಾದಾಗ ಜಾಲತಾಣಗಳ ತುಂಬ ಅವರದೇ ಚಿತ್ರ, ಅವರದೇ ಹ್ಯಾಷ್‌ಟ್ಯಾಗ್. ಅದೇ ವಾರ ಗಂಡನ ಕೈಯಲ್ಲಿ ಸತ್ತವಳ ಬಗ್ಗೆ ಯಾರೂ ಸೊಲ್ಲೆತ್ತುವುದಿಲ್ಲ. ಈ ತಾರತಮ್ಯ ಏಕೆ? ಒಬ್ಬಳಿಗಾಗಿ ಮಾತ್ರ ದನಿ ಎತ್ತುವುದು ತಪ್ಪೇ?

ಉತ್ತರ: ದನಿ ಎತ್ತುವುದು ಖಂಡಿತ ತಪ್ಪಲ್ಲ. ಆದರೆ ಯಾರ ಸಾವು ನಮ್ಮ ಕಣ್ಣಿಗೆ ಬೀಳುತ್ತದೆ ಎಂಬುದನ್ನು ಬಹುಮಟ್ಟಿಗೆ ನಾವು ನಿರ್ಧರಿಸುವುದಿಲ್ಲ. ಮೊದಲ ಕೆಲವು ಗಂಟೆಗಳಲ್ಲಿ ಹೆಚ್ಚು ಪ್ರತಿಕ್ರಿಯೆ ಗಳಿಸಿದ ಪೋಸ್ಟನ್ನೇ ಜಾಲತಾಣದ ಅಲ್ಗಾರಿದಂ (ಯಾರಿಗೆ ಏನು ತೋರಿಸಬೇಕೆಂದು ಆರಿಸುವ ತಂತ್ರಾಂಶ) ಮತ್ತಷ್ಟು ಜನರಿಗೆ ತೋರಿಸುತ್ತದೆ. ನಗುಮುಖದ ಒಳ್ಳೆಯ ಫೋಟೊ, ಓದು, ಉದ್ಯೋಗ, ಅವಳ ಪರವಾಗಿ ಬರೆಯಬಲ್ಲ ಗೆಳೆಯರು ಇದ್ದರೆ ಆ ಪ್ರತಿಕ್ರಿಯೆ ಬೇಗ ಸಿಗುತ್ತದೆ. ಗುರುತಿನ ಚೀಟಿಯ ಮಸುಕು ಚಿತ್ರವೊಂದನ್ನು ಬಿಟ್ಟು ಬೇರೇನೂ ಇಲ್ಲದ ಬಡ ಕೂಲಿ ಹೆಂಗಸಿಗೆ ಅದು ಸಿಗುವುದಿಲ್ಲ.

ಈ ಪಕ್ಷಪಾತ ಜಾಲತಾಣಗಳಿಗಿಂತ ಹಳೆಯದು. ಅಮೆರಿಕದ ಪತ್ರಕರ್ತೆ ಗ್ವೆನ್ ಐಫಿಲ್ 2004ರಲ್ಲೇ, ಬಿಳಿಯ ಮಹಿಳೆ ಕಾಣೆಯಾದರೆ ಮಾತ್ರ ಮಾಧ್ಯಮಗಳು ಮುಗಿಬೀಳುವ ಈ ಚಾಳಿಯನ್ನು ‘ಕಾಣೆಯಾದ ಬಿಳಿ ಮಹಿಳೆಯ ಸಿಂಡ್ರೋಮ್’ ಎಂದು ಕರೆದಿದ್ದರು. 2020ರ ಜೂನ್‌ನಲ್ಲಿ ಲಂಡನ್ನಿನ ಉದ್ಯಾನವೊಂದರಲ್ಲಿ ಕಪ್ಪುವರ್ಣದ ಇಬ್ಬರು ಸಹೋದರಿಯರ ಕೊಲೆಯಾಯಿತು. ಕಾಣೆಯಾದರೆಂದು ದೂರು ಕೊಟ್ಟ ಮೇಲೂ ಪೊಲೀಸರು ಚುರುಕಾಗದ ಕಾರಣ ಮನೆಯವರೂ ಸ್ನೇಹಿತರೂ ತಾವೇ ಹುಡುಕಾಡಿ ಶವಗಳನ್ನು ಕಂಡುಕೊಳ್ಳಬೇಕಾಯಿತು. ಕಾವಲಿಗೆ ನಿಂತ ಇಬ್ಬರು ಪೊಲೀಸರು ಆ ಶವಗಳ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಹಂಚಿಕೊಂಡು, ಮುಂದೆ ಜೈಲಿಗೆ ಹೋದರು. ಮರುವರ್ಷ ಅದೇ ನಗರದಿಂದ ಅಪಹರಿಸಲಾದ ಬಿಳಿಯ ಯುವತಿಯೊಬ್ಬಳ ಕೊಲೆಯಾದಾಗ ಇಡೀ ದೇಶ ಮಿಡಿಯಿತು. ಮಿಡಿದದ್ದು ನ್ಯಾಯವೇ. ಆದರೆ ತಮ್ಮ ಮಕ್ಕಳಿಗೆ ಅಂಥ ಆಕ್ರೋಶ ಏಕೆ ದೊರೆಯಲಿಲ್ಲ ಎಂದು ಸಹೋದರಿಯರ ತಾಯಿ ಮೀನಾ ಸ್ಮಾಲ್‌ಮನ್ ಬಹಿರಂಗವಾಗಿ ಕೇಳಿದರು. ಮಗಳ ಬಣ್ಣವನ್ನೂ ವಿಳಾಸವನ್ನೂ ನೋಡಿಯೇ ಪೊಲೀಸರು ಅಸಡ್ಡೆ ಮಾಡಿದರೆಂದರು.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ವಿಶ್ವಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ ಉದ್ದೇಶಪೂರ್ವಕವಾಗಿ ಕೊಲ್ಲಲಾದ ಸುಮಾರು 85,000 ಮಹಿಳೆಯರು ಮತ್ತು ಬಾಲಕಿಯರಲ್ಲಿ 51,100 ಮಂದಿಯನ್ನು, ಅಂದರೆ ದಿನಕ್ಕೆ ಸುಮಾರು 140 ಮಂದಿಯನ್ನು, ಕೊಂದವರು ಸಂಗಾತಿ ಅಥವಾ ಕುಟುಂಬದವರೇ. ನಮ್ಮನ್ನು ಬೆಚ್ಚಿಬೀಳಿಸುವುದು ಮಾತ್ರ ಕತ್ತಲ ರಸ್ತೆಯ ಅಪರಿಚಿತ. ‘ಶೀಲ ಶಂಕಿಸಿ ಪತ್ನಿಯ ಕೊಲೆ’ ಎಂಬ ನಾಲ್ಕು ಸಾಲಿನ ಸುದ್ದಿಯನ್ನು ದಾಟಿ ಹೋಗುತ್ತೇವೆ. ಇದರಿಂದ ಅಪಾಯ ಎಲ್ಲಿದೆ ಎಂಬ ತಿಳಿವಳಿಕೆಯೇ ತಪ್ಪುತ್ತದೆ. ಬೀದಿದೀಪಕ್ಕೆ ಒತ್ತಾಯ ಬರುತ್ತದೆ, ಹೊಡೆತ ತಿಂದು ಠಾಣೆಗೆ ಬಂದವಳನ್ನು ‘ಹೊಂದಿಕೊಂಡು ಹೋಗಮ್ಮ’ ಎಂದು ವಾಪಸು ಕಳಿಸುವುದನ್ನು ಯಾರೂ ಪ್ರಶ್ನಿಸುವುದಿಲ್ಲ.

ಆದ್ದರಿಂದ ಒಬ್ಬಳ ಬಗ್ಗೆ ಬರೆಯುವುದನ್ನು ನಿಲ್ಲಿಸಬೇಡಿ. ಆ ನಾಲ್ಕು ಸಾಲಿನ ಸುದ್ದಿಯನ್ನೂ ಹಂಚಿ, ಅವಳು ಮೊದಲೇ ದೂರು ಕೊಟ್ಟಿದ್ದಳೇ ಎಂದು ಕೇಳಿ, ದೋಷಾರೋಪ ಪಟ್ಟಿ ಸಲ್ಲಿಕೆಯಾಯಿತೇ ಎಂದು ತಿಂಗಳುಗಳ ನಂತರವೂ ವಿಚಾರಿಸಿ.

ಪ್ರಶ್ನೆ: ಗಮನ ಸೆಳೆಯಲು ಮೃತಳ ಫೋಟೊ ಹಾಕಬಹುದೇ?

ಉತ್ತರ: ಕುಟುಂಬದವರೇ ಬಹಿರಂಗವಾಗಿ ಹಂಚಿಕೊಂಡಿದ್ದರೆ ಹಾಕಬಹುದು, ಆದರೆ ಕೊಂದವನು ಆ ಕುಟುಂಬದವನೇ ಆಗಿರಬಹುದೆಂಬುದು ನೆನಪಿರಲಿ. ಲೈಂಗಿಕ ದೌರ್ಜನ್ಯದ ಶಂಕೆಯಿದ್ದರೆ ಹೆಸರನ್ನಾಗಲಿ ಚಿತ್ರವನ್ನಾಗಲಿ ಹಾಕಬೇಡಿ, ಹಲವು ದೇಶಗಳಲ್ಲಿ ಅದು ಅಪರಾಧ. ಶವದ ಚಿತ್ರವನ್ನಂತೂ ಯಾವ ಕಾರಣಕ್ಕೂ ಹಂಚಬೇಡಿ.