ಕೈಯಲ್ಲಿ ದುಡ್ಡು ಕಡಿಮೆ ಇದ್ದಾಗ ಮನೆಮಂದಿಗೆಲ್ಲ ರುಚಿಯಾದ ಅಡುಗೆ ಮಾಡುವುದು ಹೇಗೆ?

ಖಂಡಿತ ಮಾಡಬಹುದು. ಖರ್ಚು ಉಳಿಸಲು ಹೊರಟಾಗ ನಾವು ಮೊದಲು ಕೈಬಿಡುವುದು ರುಚಿಯನ್ನು. ಹಾಗೆ ಮಾಡಬೇಡಿ. ಊಟ ಸಪ್ಪೆಯಾದರೆ ಯಾರೂ ತಿನ್ನುವುದಿಲ್ಲ, ಉಳಿದದ್ದು ಕಸಕ್ಕೆ ಹೋಗುತ್ತದೆ.

ಈರುಳ್ಳಿಯನ್ನೇ ನೋಡಿ. ಐದು ನಿಮಿಷ ಹುರಿದರೆ ಬರೀ ಮೆತ್ತಗಾಗುತ್ತದೆ. ಚಿಟಿಕೆ ಉಪ್ಪು ಹಾಕಿ, ಸಣ್ಣ ಉರಿಯಲ್ಲಿ 25-30 ನಿಮಿಷ ಬಿಟ್ಟರೆ ಕಂದು ಬಣ್ಣ ಬಂದು ಸಿಹಿಯಾಗುತ್ತದೆ. ತಳ ಹಿಡಿಯಿತಾ? ಎರಡು ಚಮಚ ನೀರು ಹಾಕಿ ಕೆರೆದು ಕಲಸಿ. ಆ ಕಂದು ಅಂಟಿನಲ್ಲೇ ರುಚಿ ಇರುವುದು, ಕರಕಲಾಗಲು ಮಾತ್ರ ಬಿಡಬೇಡಿ. ಇಷ್ಟು ಹೊತ್ತು ಒಲೆ ಉರಿಯುತ್ತದೆ, ಅಲ್ವಾ? ಅದಕ್ಕೇ ಎರಡು ದಿನಕ್ಕಾಗುವಷ್ಟು ಒಟ್ಟಿಗೆ ಮಾಡಿ ಫ್ರಿಜ್‌ನಲ್ಲಿಡಿ.

ಹೊಟ್ಟೆ ತುಂಬಲು ನನ್ನ ಆಯ್ಕೆ ಒಣ ಕಾಳು. ಒಂದು ಕಪ್ ಕಾಳು ಬೆಂದ ಮೇಲೆ ಸುಮಾರು ಎರಡೂವರೆ ಕಪ್ ಆಗುತ್ತದೆ. ರಾತ್ರಿಯೇ ನೆನೆಹಾಕಿ. ಟೊಮೆಟೊ, ನಿಂಬೆರಸ ಕಾಳು ಪೂರ್ತಿ ಬೆಂದ ಮೇಲೆಯೇ ಹಾಕಿ. ಹುಳಿ ಮೊದಲೇ ಸೇರಿದರೆ ಕಾಳು ಬೇಗ ಮೆತ್ತಗಾಗುವುದಿಲ್ಲ, ಸುಮ್ನೆ ಗ್ಯಾಸ್ ಖರ್ಚು. ಕಾಳು ಬೆಂದ ನೀರನ್ನೂ ಚೆಲ್ಲಬೇಡಿ, ಸೂಪಿಗೆ ಆಗುತ್ತದೆ. ಆದರೆ ರಾಜ್ಮಾ ಆದರೆ ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಸಲೇಬೇಕು. ಅರೆಬೆಂದ ರಾಜ್ಮಾ ಹೊಟ್ಟೆ ಕೆಡಿಸುತ್ತದೆ.

ತರಕಾರಿ ಆಯಾ ಕಾಲದ್ದೇ ತನ್ನಿ. ಮೊಟ್ಟೆ ತಿನ್ನುವ ಮನೆಯಾದರೆ ಇನ್ನೂ ಸುಲಭ.

ಎಲ್ಲ ಮಾಡಿಯೂ ಏನೋ ಕಡಿಮೆ ಅನಿಸಿದರೆ, ಉಪ್ಪಿಗೆ ಕೈ ಹಾಕುವ ಮೊದಲು ನಾಲ್ಕು ಹನಿ ನಿಂಬೆರಸ ಹಿಂಡಿ ನೋಡಿ.